ಪರದೆಯ ಮೇಲೆ ಅವ್ವ

ಗೋಕಾಕದ ಮಂಗಲ ಕಾರ್ಯಾಲಯದಲ್ಲಿ ಕಾಕಾನ ಮಗಳ ಮದುವೆ; ಅದನ್ನು ಇಂಟರ್‌ನೆಟ್‌ನಲ್ಲಿ ನೇರ ತೋರಿಸುವ ಕೆಲಸ ನನ್ನದು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವಳನ್ನು ಸಾಕಿ ಬೆಳೆಸಿದ್ದು ನನ್ನವ್ವ. ಆದರೆ ಅವ್ವನಿಗೆ ಗಂಡನಿಲ್ಲ. ಮದುವೆಯ ವಾರದಲ್ಲಿ ಕಾಕಾ ತನ್ನ ಅತ್ತಿಗೆಯಾದ ಅವ್ವನ ಬಗ್ಗೆ ನನ್ನೆದುರು ಅಂದ: "ವೈನಿ ಬರೂದು ಬ್ಯಾಡ. ಹೆಂಗೂ ನೀ ಲೈವ್ ಬಿಡಾಕಿ, ಮನ್ಯಾಗ ಕುಂತ ನೋಡ್ಲಿ."

ಕಾಕಾನೂ ಹೆಂಡತಿ ಸತ್ತವನೇ. ಅವನಿಗೆ ಮಾತ್ರ ವೇದಿಕೆಯ ಮೇಲೆ ಮೆತ್ತನೆಯ ಕುರ್ಚಿ, ತಲೆಗೆ ಪಟಗ. ನನಗೆ ಮೈಯೆಲ್ಲ ಉರಿಯಿತು. "ಆತ್ರಿ ಕಾಕಾ" ಅಂದೆ. ನಿನ್ನ ಲೈವ್‌ನಿಂದಲೇ ನಿನ್ನ ಮುಖಕ್ಕೆ ಮಸಿ ಬಳಿಯುತ್ತೇನೆ ಅಂದುಕೊಂಡೆ.

ವೆಬ್ ಪುಟದಲ್ಲಿ ಎರಡು ವಿಡಿಯೊ ಇಟ್ಟೆ: ಒಂದರಲ್ಲಿ ವೇದಿಕೆ, ಇನ್ನೊಂದರಲ್ಲಿ ಮೂಡಲಗಿಯ ನಮ್ಮ ಪಡಸಾಲೆ. ಅಲ್ಲಿ ಹಿಟ್ಟಿನ ಡಬ್ಬಿಗೆ ಫೋನ್ ಆನಿಸಿಟ್ಟು, ಮದುವೆ ನೋಡಲು ಇನ್ನೊಂದು ಫೋನ್ ಕೊಟ್ಟು, ಆರತಿಯ ಹೊತ್ತಿಗೆ ಮದುವೆಯ ಸೋಬಾನಿ ಪದ ಹಾಡು ಎಂದು ಅವ್ವನಿಗೆ ಹೇಳಿ ಬಂದಿದ್ದೆ. ಮೊದಮೊದಲು ಬರೀ ಕಪ್ಪು ಚೌಕ. ಫೋನಿನ ವಿಡಿಯೊವನ್ನು ಬ್ರೌಸರ್‌ಗೆ ತಿಳಿಯುವ ರೂಪಕ್ಕೆ ತಂದ ಮೇಲೆ ಅವ್ವ ಕಾಣಿಸಿದಳು.

ಅಕ್ಕಿಕಾಳು ಬಿದ್ದವು. ಆರತಿ ತಟ್ಟೆ ಎತ್ತಿದಾಗ, ವೇದಿಕೆಯ ಬದಿಯಲ್ಲಿದ್ದ ಲ್ಯಾಪ್‌ಟಾಪಿನಿಂದ ಅವ್ವನನ್ನು ಕಾರ್ಯಾಲಯದ ಗೋಡೆಯ ದೊಡ್ಡ ಪರದೆಗೆ ಹಾಕಿದೆ. ಬರಿಗೊರಳು, ಬರಿಹಣೆ, ಗೋಡೆಯಗಲ. ಬಾಯಿ ಆಡುತ್ತಿತ್ತು, ದನಿಯಿಲ್ಲ. ತಾನಾಗಿ ಶುರುವಾದ ವಿಡಿಯೊಗೆ ಬ್ರೌಸರ್ ದನಿ ಕೊಡುವುದಿಲ್ಲ, ಯಾರಾದರೂ ದನಿಯ ಗುರುತನ್ನು ಒತ್ತಬೇಕು. ನಾನು ಒತ್ತುವಷ್ಟರಲ್ಲಿ ಕಾಕಾ ಬಂದು ಮುಂಗೈ ಹಿಡಿದ.

"ಬಂದ್ ಮಾಡ. ಬೀಗರ ಮುಂದ ಮರ್ಯಾದಿ ತಗಿಬ್ಯಾಡ."

"ನೀವ ಅಂದಿದ್ರಲ್ರಿ ಕಾಕಾ, ಮನ್ಯಾಗ ಕುಂದರ್ಲಿ ಅಂತ. ಮನ್ಯಾಗ ಅದಾಳ್ರಿ."

ಅಷ್ಟರಲ್ಲಿ ಮದುಮಗಳು ಎದ್ದಳು. ಬಾಸಿಂಗ ಹಿಡಿದುಕೊಂಡು ಲ್ಯಾಪ್‌ಟಾಪಿನ ಬಳಿ ಬಂದು ಆ ಗುರುತನ್ನು ತಾನೇ ಒತ್ತಿದಳು. ಹಾಲ್ ತುಂಬ ಅವ್ವನ ಸೋಬಾನಿ. ಹಾಡು ನಿಲ್ಲಿಸಿ ಅವ್ವ ಅಳುಕುತ್ತ ಕೇಳಿದಳು: "ಅಲ್ಲಿ ಕೇಳಸಾಕತ್ತೈತೇನ್ವಾ?"

ನಮ್ಮ ಉತ್ತರ ಅವಳಿಗೆ ಮುಟ್ಟಬೇಕಾದರೆ ವೇದಿಕೆಯ ಕ್ಯಾಮೆರಾವೊಂದೇ ದಾರಿ. ಮದುಮಗಳು ಅದರ ಮುಂದೆ ನಿಂತು ಪದದ ಮುಂದಿನ ಸಾಲು ಎತ್ತಿಕೊಂಡಳು. ಹುಕ್ಕೇರಿಯ ಬೀಗರ ಹೆಂಗಸರೂ ದನಿಗೂಡಿಸಿದರು. ನಮ್ಮ ಹಾಡು ಲೈವ್‌ನಲ್ಲಿ ಕೊಂಚ ತಡವಾಗಿ ಮುಟ್ಟಿದ ಮೇಲೆ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕಾಕಾ ಕುರ್ಚಿಗೆ ಹೋಗಿ ಕೂತ. ಅವನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ನಾನು ಕ್ಯಾಮೆರಾವನ್ನು ಅವನ ಕಡೆ ತಿರುಗಿಸಿದೆ. ಮನೆಯಲ್ಲಿ ಕೂತು ಅವ್ವನೂ ನೋಡಲಿ.