ಗಿರಣಿ ಮುರುಗಪ್ಪನವರ ಪಥ್ಯ

ರಾಮಗಿರಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಮುರುಗಪ್ಪನವರ ಹುಬ್ಬು, ಮೀಸೆಗಳ ಮೇಲೆಲ್ಲ ಸದಾ ರಾಗಿಹಿಟ್ಟು ಕೂತಿರುತ್ತದೆ; ಬಾಯೊಳಕ್ಕೆ ಮಾತ್ರ ಒಂದು ಚಿಟಿಕೆಯೂ ಹೋಗದು. ರಾಗಿ ತಂದವರನ್ನು ಅವರು ಮೊದಲು ಕೇಳುವುದೇ "ಮನೇಲಿ ಯಾರಿಗಾದ್ರೂ ಶುಗರ್ ಐತೇನ್ರಿ?" ಎಂದು. ಹೌದೆಂದರೆ ಮುಗಿಯಿತು, ಗಿರಣಿಯ ಸದ್ದನ್ನೂ ಮೀರಿ, "ಅನ್ನ ಬಿಡ್ರಿ, ಮುದ್ದೆ ಕಡಿಮೆ ಮಾಡ್ರಿ, ಸೊಪ್ಪು, ಮೊಸರು ಜಾಸ್ತಿ ತಿನ್ರಿ" ಎಂದು ಕೂಗುತ್ತಾರೆ. ಮದುವೆ ಊಟದಲ್ಲಿ ಪಕ್ಕದ ಎಲೆಯ ಹೋಳಿಗೆಗೂ ಅವರದೇ ಕಾವಲು. ಹಿಟ್ಟು ಬೀಸಿ ಹೊಟ್ಟೆ ಹೊರೆಯುವವರು ಹಿಟ್ಟನ್ನೇ ಬೈಯುತ್ತಾರಲ್ಲ ಎಂದು ಊರು ನಗುತ್ತದೆ. ನಿಜವೆಂದರೆ ಅವರಿಗೆ ಆ ಕಾಯಿಲೆಯೇ ಇಲ್ಲ. ಇದ್ದದ್ದು ಹೆಂಡತಿ ಮರುಳಸಿದ್ದಮ್ಮನಿಗೆ. ಪಾದದ ಹುಣ್ಣು ಕೊಳೆತು ಆಕೆಯ ಕಾಲು ತೆಗೆದ ಮೇಲೆ, ಆಕೆಯ ಎದುರು ತಾವೊಬ್ಬರೇ ಮುದ್ದೆ ಉಣ್ಣಲಾರದೆ ಅವರೂ ಅದೇ ಪಥ್ಯ ಹಿಡಿದರು. ಆಕೆ ತೀರಿಕೊಂಡು ವರ್ಷವಾಯಿತು. ಮೊನ್ನೆ ಮಗಳು ಕಾವ್ಯ ತಟ್ಟೆಗೆ ಬಿಸಿ ಮುದ್ದೆ ಹಾಕಿ, "ಇನ್ನಾದ್ರೂ ಉಣ್ರಿ ಅಪ್ಪಾಜಿ" ಎಂದಳು. ಅವರು ತಟ್ಟೆ ಸರಿಸಿ ಹೇಳಿದರು: "ಕೊನೆ ದಿನ ಆಸ್ಪತ್ರೇಲಿ ನಿಮ್ಮವ್ವ ಒಂದು ತುತ್ತು ಮುದ್ದೆ ಕೇಳಿದ್ಲು ಕಣವ್ವ. ನಾನು ಗದರಿಬಿಟ್ಟೆ."