ಆರ್ಡರ್ ಕೂಗಿದರೆ ನಡೆಯುವ ಅಜ್ಜ

ಅಮ್ಮನ ಅಪ್ಪನಿಗೆ ಪಾರ್ಕಿನ್ಸನ್ಸ್ ಬಂದ ಮೇಲೆ ಅವರು ಘೋಡಬಂದರ್ ರಸ್ತೆಯ ನಮ್ಮ ಫ್ಲ್ಯಾಟಿಗೇ ಬಂದರು. ಸುಮಾರಾಗಿ ನಡೆಯುತ್ತಿದ್ದರು, ಆದರೆ ಬಾಗಿಲು ಬಂದ ಕೂಡಲೇ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಬಚ್ಚಲಿನ ಬಾಗಿಲಲ್ಲಿ ಅಜ್ಜ ನಿಂತರೆ ಒಳಗೆ ಸಿಕ್ಕಿಬಿದ್ದ ನನಗೆ ಇನ್ನೊಂದು ಸ್ನಾನವೇ ಆಗುತ್ತಿತ್ತು. ಎಳೆದರೆ ಬೀಳುತ್ತಾರೆ, ತಾಳ ಹಾಕಿ ಎಣಿಸಿ ಎಂದು ಮನೆಗೆ ಬರುವ ಫಿಸಿಯೋ ಹೇಳಿಕೊಟ್ಟರು. ಅಮ್ಮ 'ಒನ್, ಟೂ' ಎಂದರೆ ಅಜ್ಜ ಅವಳ ಮುಖ ನೋಡುತ್ತಿದ್ದರು, ಅಷ್ಟೇ.

ಉಪಾಯ ಹುಡುಕಿದ್ದು ಈ ನಾನು. ಅಜ್ಜ ಕೋಪರಿಯ ಉಡುಪಿ ಹೋಟೆಲಿನಲ್ಲಿ ಆಯುಷ್ಯವಿಡೀ ಸಪ್ಲೈಯರ್ ಆಗಿದ್ದವರು. ಒಂದು ದಿನ ಅವರ ಬೆನ್ನ ಹಿಂದೆ ನಿಂತು ಕೂಗಿದೆ: "ಎರಡ್ ಇಡ್ಲಿ, ಒಂದ್ ವಡೆ, ಸಾಂಬಾರ್ ಬೇರೆ!" ಕಾಲು ಹೊರಟೇಬಿಟ್ಟಿತು. ಆ ರಭಸಕ್ಕೆ ನಮ್ಮ ಬಿಲ್ಡಿಂಗ್ ಅರ್ಧ ಇಂಚು ಸರಿದದ್ದನ್ನು ಅಮ್ಮ ಇವತ್ತಿಗೂ ಒಪ್ಪುವುದಿಲ್ಲ.

ಅಷ್ಟರಲ್ಲಿ ಮಾಮನ ನಿಶ್ಚಿತಾರ್ಥ ಬಂತು, ಕಾಮೋಠೆಯಲ್ಲಿ. ಅಮ್ಮ ವೀಲ್‌ಚೇರ್ ತರಿಸಿದಳು.

"ಮಗನ ಕಾರ್ಯಕ್ಕೆ ನಾನು ಉರುಳಿಕೊಂಡ್ ಹೋಗುದಾ? ನಡ್ದೇ ಹೋಗುದು," ಎಂದರು ಅಜ್ಜ, ಸೊಳ್ಳೆಗಿಂತ ಸಣ್ಣ ದನಿಯಲ್ಲಿ.

"ಬಾಗ್ಲಲ್ಲಿ ನಿಂತ್ರೆ ಅಪ್ಪ? ಹುಡುಗಿ ಕಡೆಯವ್ರ ಎದುರು?"

"ನಾನಿದ್ದೇನಲ್ಲ," ಎಂದೆ.

"ನೀನಿರುದೇ ಹೆದ್ರಿಕೆ ಮಾರಾಯ್ತಿ," ಎಂದಳು ಅಮ್ಮ.

ನಿಂತರು. ಸಭಾಗೃಹದ ಬಾಗಿಲಲ್ಲೇ. ಒಳಗೆ ಹುಡುಗಿ ಕಡೆಯವರೆಲ್ಲ ತಿರುಗಿದರು, ಭಟ್ಟರ ಮಂತ್ರ ನಡುವೆಯೇ ನಿಂತಿತು. ಅಮ್ಮ ವೀಲ್‌ಚೇರ್ ಬಿಡಿಸತೊಡಗಿದಳು. ಅಜ್ಜ ಅದನ್ನು ನೋಡಿದರು, ಆಮೇಲೆ ನನ್ನನ್ನು. ರೇಷ್ಮೆ ಲಂಗ ಎತ್ತಿ ಹಿಡಿದು ಪಕ್ಕದೂರು ಪನ್ವೇಲಿಗೂ ಕೇಳುವ ಹಾಗೆ ಕೂಗಿದೆ:

"ನಾಲ್ಕ್ ನಂಬರ್ ಟೇಬಲ್! ಎರಡ್ ಇಡ್ಲಿ, ಒಂದ್ ವಡೆ, ಸಾಂಬಾರ್ ಬೇರೆ!"

ಅಜ್ಜನ ಎಡಗಾಲು ಎದ್ದಿತು, ಹಿಂದೆಯೇ ಬಲಗಾಲು. ಕುರ್ಚಿಗಳ ನಡುವೆ ಅವರು ಸೀದಾ ನಡೆದರು, ಗಿರಾಕಿ ಕಾಯುತ್ತಿದ್ದಾನೆ ಎನ್ನುವ ಹಾಗೆ. ಇತ್ತ ಅಡುಗೆಮನೆಯಿಂದ ಬಡಿಸುವವನೊಬ್ಬ ನಿಜವಾಗಿಯೂ ಇಡ್ಲಿಯ ತಟ್ಟೆ ಹಿಡಿದು ಓಡಿ ಬಂದ. "ನಾಲ್ಕ್ ನಂಬರ್ ಎಲ್ಲುಂಟು?" ಎಂದು ಕೇಳುತ್ತಾ ಅಜ್ಜನ ಹಿಂದೆಯೇ ಮಂಟಪದವರೆಗೂ ಹೋದ. ಮಾಮನ ಮುಖ ಇಡ್ಲಿಗಿಂತ ಬೆಳ್ಳಗಾಯಿತು.

ಹುಡುಗಿಯ ಅಪ್ಪ ಎದ್ದು ಕೈಮುಗಿದರು. ಅಜ್ಜ ನಡುಗುವ ಕೈಗಳಲ್ಲೇ ಕೈಮುಗಿದು, ತಟ್ಟೆಯನ್ನೊಮ್ಮೆ ನೋಡಿ, ಕೊನೆಯ ಸಾಲಿಗೂ ಕೇಳುವ ದನಿಯಲ್ಲಿ ಬಡಿಸುವವನನ್ನು ಗದರಿದರು:

"ಚಟ್ನಿ ಯಾರು ತರುದು ಮಾರಾಯ, ನಿನ್ನ ಅಜ್ಜನಾ?"