ಕುವಬಾರನ ಬೆನ್ನಿನ ಹೆಸರು

ಪ್ರತಿ ಫೆಬ್ರವರಿಯಲ್ಲಿ ಬೇಸ್‌ಬಾಲ್ ತಂಡ ತಾಲೀಮಿಗೆಂದು ನಮ್ಮೂರು ಮಿಯಾಝಾಕಿಗೆ ಬಂದಿಳಿದ ಬೆಳಿಗ್ಗೆಯೇ, ತೋಫು ಮಾರುವ ಕುವಬಾರ ಕ್ರೀಡಾಪತ್ರಿಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನನ್ನ ಹೊಲಿಗೆ ಅಂಗಡಿಗೆ ಬರುತ್ತಾನೆ. ತನ್ನ ಅಂಗಿಯ ಬೆನ್ನಿನಲ್ಲಿರುವ ಆಟಗಾರನ ಹೆಸರನ್ನು ಬಿಚ್ಚಿಸಿ ಬೇರೊಬ್ಬನದನ್ನು ಹೊಲಿಸುತ್ತಾನೆ. ಹನ್ನೊಂದು ವರ್ಷದಲ್ಲಿ ಹನ್ನೊಂದು ಹೆಸರು. ಅಷ್ಟೂ ಜನ ಹೆಸರು ಹೊಲಿಸಿದ ಮುಂದಿನ ಚಳಿಗಾಲದೊಳಗೆ ತಂಡ ಬಿಟ್ಟರು. “ಮಾರಾಯ, ಚೆಂಡೆಸೆಯೋ ನಮ್ಮ ಪಿಚರ್ ಹೆಸರಿಗೆ ಮಾತ್ರ ಸೂಜಿ ತಾಗಿಸ್ಬೇಡ,” ಎಂದು ಅಪಶಕುನಕ್ಕೆ ಹೆದರಿದ ಮೀನಂಗಡಿಯ ತೊಮಿಎ ಅವನಿಗೆ ಕೈ ಮುಗಿಯುತ್ತಾಳೆ. ಆಟದ ದಿನವೂ ಅವನದು ವಿಚಿತ್ರವೇ: ತನ್ನ ಆಟಗಾರ ಮೈದಾನಕ್ಕೆ ಇಳಿದ ಕೂಡಲೇ ಎದ್ದು, ಮೈದಾನಕ್ಕೆ ಬೆನ್ನು ಹಾಕಿ ನಿಲ್ಲುತ್ತಾನೆ. ಹಿಂದಿನ ಸಾಲಿನವರು ಬೈದರೆ ತಲೆ ಬಾಗಿಸಿ ನಗುತ್ತಾನೆ. ಈ ವರ್ಷ ತಂದದ್ದು ಮೂವತ್ತೆಂಟು ವಯಸ್ಸಿನ ಕ್ಯಾಚರ್ ನೆಜಿಮೆಯ ಹೆಸರು. ಮೊಣಕಾಲು ಹೋಗಿದೆ, ಇದೇ ಕೊನೆಯ ವರ್ಷವಿರಬಹುದು ಎಂಬ ಸುದ್ದಿಯ ಅಡಿ ಕುವಬಾರನೇ ಪತ್ರಿಕೆಯಲ್ಲಿ ಕೆಂಪು ಗೆರೆ ಎಳೆದಿದ್ದ. “ಹೋಗೋನು ಅಂತ ಗೊತ್ತಿದ್ದೂ ಹೊಲಿಸ್ತೀಯಾ?” ಎಂದೆ. “ಹೋಗೋರನ್ನೇ ಹುಡುಕೋದು ಅಜ್ಜಿ. ಉಳಿಯೋರ ಹೆಸರು ಎಲ್ಲರ ಬೆನ್ನ ಮೇಲೂ ಇರತ್ತೆ. ಇವನು ತಲೆ ಎತ್ತಿ ನೋಡಿದಾಗ ತನ್ನ ಹೆಸರು ಒಂದು ಬೆನ್ನ ಮೇಲಾದ್ರೂ ಕಾಣ್ಬೇಡ್ವಾ?” ಹೇಗೂ ಬಿಚ್ಚುವುದೇ ಎಂದು ಇಷ್ಟು ವರ್ಷ ಸಡಿಲವಾಗಿ ಹಾಕುತ್ತಿದ್ದ ಹೊಲಿಗೆಯನ್ನು ಅಂದು ಬಿಗಿಯಾಗಿ ಹಾಕಿದೆ.